ಬಿರುಗಾಳಿ ಕಲಿಸಿದ ಪಾಠ

1736ರ ಜನವರಿಯಲ್ಲಿ ಇಂಗ್ಲೆಂಡಿನಿಂದ ಅಮೆರಿಕದ ಜಾರ್ಜಿಯಾದತ್ತ ಸಾಗಿದ್ದ ಹಡಗೊಂದು ಅಟ್ಲಾಂಟಿಕ್ ಸಾಗರದ ಬಿರುಗಾಳಿಗೆ ಸಿಲುಕಿತು. ದೊಡ್ಡ ಹಾಯಿ ಹರಿದು ಚೂರಾಯಿತು, ನೀರು ಒಳನುಗ್ಗಿತು. ಆಂಗ್ಲ ಪ್ರಯಾಣಿಕರು ಚೀರಿಟ್ಟರು. ಜರ್ಮನಿಯ ಮೊರೇವಿಯನ್ ಪಂಥದವರು ಮಾತ್ರ ಹೆಂಗಸರು ಮಕ್ಕಳೊಡನೆ ಶಾಂತರಾಗಿ ಕೀರ್ತನೆಯನ್ನು ಮುಂದುವರಿಸಿದರು. ಅದೇ ಹಡಗಿನಲ್ಲಿದ್ದ ಪಾದ್ರಿ ಜಾನ್ ವೆಸ್ಲಿಯವರಿಗೆ ಸಾವಿನ ಭಯ ಬಿಟ್ಟಿರಲಿಲ್ಲ. ನಿಯಮ, ಉಪವಾಸ, ದಾನಧರ್ಮಗಳಾವುವೂ ಅದನ್ನು ನೀಗಿರಲಿಲ್ಲ. ಪರರಿಗೆ ಬೋಧಿಸುವ ತಮಗೇ ಆ ನೆಮ್ಮದಿಯಿಲ್ಲವೆಂಬುದನ್ನು ಅವರು ದಿನಚರಿಯಲ್ಲಿ ಮರೆಮಾಚಲಿಲ್ಲ. 1738ರ ಮೇ 24ರಂದು ಲಂಡನ್ನಿನ ಪ್ರಾರ್ಥನಾಕೂಟವೊಂದರಲ್ಲಿ, ತಮ್ಮ ಸಾಧನೆಯನ್ನು ಬಿಟ್ಟು ಕ್ರಿಸ್ತನೊಬ್ಬನನ್ನೇ ನೆಚ್ಚುವ ಧೈರ್ಯ ಅವರಿಗೆ ಒದಗಿತು. ಸಂಶಯಗಳು ಆಮೇಲೂ ಸುಳಿದವು. ಆದರೂ ಕಲ್ಲೆಸೆಯುವ ಜನರ ನಡುವೆ ನಿಂತು ಅವರು ಬೋಧಿಸಿದರು. ಅಂಜಿಕೆಯನ್ನು ಅಡಗಿಸಿಟ್ಟವನಿಗಿಂತ, ಅದನ್ನು ದೇವರ ಮುಂದೆ ಬಿಚ್ಚಿಟ್ಟವನಿಗೆ ಆತನ ಸನ್ನಿಧಿ ಹತ್ತಿರ.