ಕಿರಿಯ ಫೋನು ನಿತ್ಯೋಪಯೋಗಕ್ಕೆ ತಕ್ಕುದೆ?

ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದೆಂದು ನಮ್ಮ ಹಿರಿಯರು ಹೇಳುವುದುಂಟು. ಮನುಷ್ಯರ ವಿಷಯದಲ್ಲಿ ಈ ಮಾತು ಎಷ್ಟೋ ಸಲ ನಿಜವೆಂಬುದನ್ನು ಮೂವತ್ತು ವರ್ಷ ಪಾಠ ಹೇಳಿದ ನಾನು ಬಲ್ಲೆನು. ಮುಂದಿನ ಸಾಲಿನ ಗಿಡ್ಡ ಹುಡುಗರ ಪ್ರಶ್ನೆಗಳಿಗೆ ಉತ್ತರ ಹೇಳಲಾರದೆ ನಾನು ತಲೆ ಕೆರೆದುಕೊಂಡ ದಿನಗಳುಂಟು. ಯಂತ್ರಗಳ ವಿಷಯದಲ್ಲಿಯೂ ಇದು ನಿಜವೇ ಎಂದು ಪರೀಕ್ಷಿಸುವ ಸಂದರ್ಭವು ಈಚೆಗೆ ಒದಗಿತು. ಮೂರು ಅಂಗುಲದ ಪರದೆಯುಳ್ಳ ಒಂದು ಸ್ಮಾರ್ಟ್ ಫೋನನ್ನು ಮೂರು ತಿಂಗಳು ನಿತ್ಯವೂ ಬಳಸಿ ನೋಡಿದೆನು. ಅಂತಹುದನ್ನು ಕೊಳ್ಳಬೇಕೆಂದಿರುವ ಗೃಹಸ್ಥರಿಗೆ ಉಪಯೋಗವಾದೀತೆಂದು ಆ ಅನುಭವವನ್ನು ಇಲ್ಲಿ ಅರಿಕೆಮಾಡುವೆನು.

ನನ್ನ ಹಳೆಯ ಫೋನು ಆರು ಅಂಗುಲಕ್ಕೂ ಮಿಕ್ಕಿದ್ದು. ಜುಬ್ಬದ ಜೇಬಿಗೆ ಹಾಕಿದರೆ ಒಂದು ಪಕ್ಕಕ್ಕೆ ಜಗ್ಗುವುದು. ಬಗ್ಗಿದರೆ ನೆಲಕ್ಕೆ ಬೀಳುವುದು. ಆದುದರಿಂದ ಸಂಜೆ ವಾಚನಾಲಯಕ್ಕೆ ಹೋಗುವಾಗ ಅದನ್ನು ಮೇಜಿನ ಮೇಲೆಯೇ ಬಿಟ್ಟುಹೋಗುವ ಅಭ್ಯಾಸವಾಗಿತ್ತು. ಕಳೆದ ಆಷಾಢದ ಒಂದು ಸಂಜೆ ನಮ್ಮ ಮನೆಯಾಕೆ ಬಚ್ಚಲುಮನೆಯಲ್ಲಿ ಜಾರಿಬಿದ್ದಳು. ತೆವಳಿಕೊಂಡು ಬಂದು ತನ್ನ ಫೋನಿನಿಂದ ನನ್ನನ್ನು ಕರೆದಾಗ, ನನ್ನ ಫೋನು ಆಕೆಯ ಎದುರಿನ ಮೇಜಿನ ಮೇಲೆಯೇ ಹೊಡೆದುಕೊಂಡಿತಂತೆ! ಪಕ್ಕದ ಮನೆಯ ಹುಡುಗನು ಓಡಿಬಂದು ಹೇಳುವವರೆಗೆ ನಾನು ವೃತ್ತಪತ್ರಿಕೆಯನ್ನೋದುತ್ತ ಕುಳಿತಿದ್ದೆನು. ಪುಣ್ಯವಶಾತ್ ಮೂಳೆ ಮುರಿಯಲಿಲ್ಲ. ಆದರೆ ಆ ಅರ್ಧ ಗಂಟೆಯನ್ನು ನಾನು ಮರೆತಿಲ್ಲ. ಪುಣೆಯಲ್ಲಿರುವ ಮಗಳು ಸುದ್ದಿ ತಿಳಿದೊಡನೆ ಈ ಕಿರಿಯ ಫೋನನ್ನು ಕಳುಹಿಸಿ, “ಅಪ್ಪಾ, ಇದಕ್ಕಾದರೂ ಜೇಬಿನಲ್ಲಿ ಜಾಗ ಕೊಡಿ” ಎಂದಳು. ನನ್ನ ಹಳೆಯ ಸಿಮ್ಮನ್ನೇ ಅದರೊಳಗಿಟ್ಟು ಪ್ರಯೋಗಕ್ಕೆ ತೊಡಗಿದೆನು.

ಇಂತಹ ಫೋನುಗಳು ಈಗ ವಿರಳ. 2007ರಲ್ಲಿ ಹೊರಬಂದ ಮೊದಲ ಐಫೋನಿನ ಪರದೆ 3.5 ಅಂಗುಲ, ಆಗ ಅದನ್ನು ಚಿಕ್ಕದೆಂದವರಿಲ್ಲ. 2011ರಲ್ಲಿ ಸ್ಯಾಮ್‌ಸಂಗ್ ಸಂಸ್ಥೆಯ 5.3 ಅಂಗುಲದ ಗ್ಯಾಲಕ್ಸಿ ನೋಟ್ ಬಂದಾಗ ಅದರ ಗಾತ್ರವನ್ನು ಕಂಡು ನಕ್ಕವರೇ ಬಹಳ. ಈಗ 6.5 ಅಂಗುಲವೆಂಬುದು ಸಾಧಾರಣ. ಆಪಲ್ ಸಂಸ್ಥೆಯು 2020ರಲ್ಲಿಯೂ 2021ರಲ್ಲಿಯೂ 5.4 ಅಂಗುಲದ ‘ಮಿನಿ’ ಮಾದರಿಗಳನ್ನು ತಂದು, 2022ರ ಸಾಲಿನಲ್ಲಿ ಅವನ್ನು ಕೈಬಿಟ್ಟಿತು. ಮೂರು ಅಂಗುಲದ ಯೂನಿಹರ್ಟ್ಜ್ ಜೆಲ್ಲಿ 2 ಎಂಬುದು 2020ರಲ್ಲಿ ಬಂದುದು. ಅದಕ್ಕೂ ಮುಂಚೆ, 2018ರಲ್ಲಿ, 3.3 ಅಂಗುಲದ ಪಾಮ್ ಫೋನು ಅಮೆರಿಕದಲ್ಲಿ ಮಾರಾಟಕ್ಕೆ ಬಂದಾಗ, ದೊಡ್ಡ ಫೋನೊಂದಕ್ಕೆ ಜೊತೆಯಾಗಿಯೇ ಅದನ್ನು ಮೊದಲು ಮಾರಿದರು. ಈ ಕೊನೆಯ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕೆಂದು ಪ್ರಾರ್ಥನೆ.

ಮೊದಲು ಗುಣವನ್ನು ಹೇಳುವೆನು. ಜೇಬಿನಲ್ಲಿ ಅದಿದೆಯೆಂಬುದೇ ಮರೆತುಹೋಗುವುದು. ಒಂದು ಕೈಯಲ್ಲಿ ತರಕಾರಿಯ ಚೀಲವಿದ್ದರೂ ಇನ್ನೊಂದು ಕೈಯ ಹೆಬ್ಬೆರಳಿನಿಂದಲೇ ಉತ್ತರಿಸಬಹುದು. ಮಾತು ಸ್ಪಷ್ಟವಾಗಿ ಕೇಳುವುದು. ಯಾವ ಉದ್ದೇಶಕ್ಕಾಗಿ ಮಗಳು ಕಳುಹಿಸಿದಳೋ ಆ ಉದ್ದೇಶದಲ್ಲಿ ಅದು ಒಂದು ದಿನವೂ ತಪ್ಪಲಿಲ್ಲ.

ಇನ್ನು ದೋಷ. ಫೋನಿನ ಅಂಗುಲದ ಲೆಕ್ಕವು ಕರ್ಣದ ಲೆಕ್ಕ. ಆಕಾರವು ಒಂದೇ ಆಗಿದ್ದು ಕರ್ಣವು ಅರ್ಧವಾದರೆ ವಿಸ್ತೀರ್ಣವು ಅರ್ಧವಾಗುವುದಿಲ್ಲ, ಕಾಲುಭಾಗವಾಗುವುದು. ಮೂರಂಗುಲದ ಫೋನು ಆರಂಗುಲದ್ದರ ಅರ್ಧವೆಂದು ಭಾವಿಸುವವರು ಇಲ್ಲಿಯೇ ಮೋಸಹೋಗುವರು. ನನ್ನಂತೆ ಚಾಳೀಸು ಧರಿಸುವವರು ಅಕ್ಷರವನ್ನು ದಪ್ಪಮಾಡಿಕೊಂಡರೆ ಸಾಲಿಗೆ ಎರಡು ಪದಗಳು ಹಿಡಿಯುವುದೇ ಪ್ರಯಾಸ. ಕನ್ನಡದ ಒತ್ತಕ್ಷರಗಳು ಸಾಲಿನಿಂದ ಕೆಳಕ್ಕೆ ಇಳಿಯುವುದರಿಂದ ಸಾಲುಗಳ ನಡುವೆ ಎಡೆಯೂ ಹೆಚ್ಚಾಗಿ ಬೇಕು. ಕೀಲಿಗಳಾದರೋ ಎಳ್ಳಿನ ಕಾಳುಗಳಂತಿರುವುವು. ತರಕಾರಿಯವಳಿಗೆ 45 ರೂಪಾಯಿ ಕಳುಹಿಸಹೋಗಿ 455 ಕಳುಹಿಸಿದೆನು. ಆಕೆ ಪ್ರಾಮಾಣಿಕಳಾದುದರಿಂದ ಹೆಚ್ಚಿನ ಹಣವನ್ನು ನಗದಾಗಿ ಎಣಿಸಿಕೊಟ್ಟಳು. ಎಲ್ಲರೂ ಹಾಗೆಯೇ ಇರುವರೆಂದು ನಂಬಿ ಸಂಸಾರ ಮಾಡಲಾಗದು.

ಬ್ಯಾಟರಿಯ ವಿಷಯವೂ ಹೀಗೆಯೇ. ಮೇಲೆ ಹೇಳಿದ ಜೆಲ್ಲಿ 2ರ ಬ್ಯಾಟರಿ 2000 ಮಿಲಿಆಂಪಿಯರ್-ಗಂಟೆಯದು. ದೊಡ್ಡ ಫೋನುಗಳಲ್ಲಿ ಈಗ 5000 ಸಾಮಾನ್ಯ. ಚಿಕ್ಕ ಪರದೆಯು ಕಡಿಮೆ ವಿದ್ಯುತ್ತನ್ನು ಬಳಸುವುದು ನಿಜ. ಆದರೆ ಟವರಿನೊಡನೆ ಸಂಪರ್ಕವಿಟ್ಟುಕೊಳ್ಳುವ ಕೆಲಸವು ಚಿಕ್ಕದಕ್ಕೂ ದೊಡ್ಡದಕ್ಕೂ ಒಂದೇ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಕರೆಗಳಿಗೆ ಮಾತ್ರ ಬಳಸಿದ ದಿನ ನನ್ನದು ರಾತ್ರಿಯವರೆಗೆ ಬಾಳಿತು. ದಾರಿ ತೋರಿಸೆಂದು ನಕ್ಷೆ ತೆರೆದ ದಿನ ಮಧ್ಯಾಹ್ನಕ್ಕೇ ಕಣ್ಣುಮುಚ್ಚಿತು.

ಇವೆಲ್ಲ ಸಹಿಸತಕ್ಕವು. ಸಹಿಸಲಾಗದುದು ಒಂದು ನಡೆಯಿತು. ನಮ್ಮಾಕೆಗೆ ರಕ್ತದೊತ್ತಡಕ್ಕಾಗಿ ರಾತ್ರಿ ಎರಡು ಮಾತ್ರೆಗಳನ್ನು ಕೊಡುತ್ತಿದ್ದೆನು. ತಲೆ ಸುತ್ತುವುದೆಂದು ಆಕೆ ಹೇಳಿದ್ದರಿಂದ ಮಗಳು ವೈದ್ಯರನ್ನು ವಿಚಾರಿಸಿ ನನಗೆ ಬರೆದಳು. ಪರದೆಯ ಮೇಲೆ ಕಂಡುದು ಇಷ್ಟು: “ಅಮ್ಮನಿಗೆ ಇವತ್ತಿನಿಂದ ರಾತ್ರಿ ಎರಡು ಮಾತ್ರೆ”. ಸರಿ, ಮೊದಲಿನಂತೆಯೇ ಎಂದು ಎರಡನ್ನೂ ಕೈಯಲ್ಲಿ ಹಿಡಿದು ನಿಂತೆನು. ಆಕೆ ನನ್ನ ಮುಖ ನೋಡಿ, “ಏನೂಂದ್ರೆ, ಈಗಲೂ ಎರಡೇ ತಾನೆ ಕೊಡ್ತಿರೋದು? ಮತ್ತೆ ‘ಇವತ್ತಿನಿಂದ’ ಅಂತ ಯಾಕೆ ಬರೆದಳು? ಪೂರ್ತಿ ಓದಿ” ಎಂದಳು. ಬೆರಳಿನಿಂದ ಮೇಲಕ್ಕೆ ಸರಿಸಿದಾಗ ಉಳಿದ ಮಾತು ಹೊರಬಂದಿತು: “ಬೇಡವಂತೆ, ಒಂದೇ ಸಾಕಂತೆ”.

ಮೂವತ್ತು ವರ್ಷ ವ್ಯಾಕರಣ ಹೇಳಿದ ನನಗೆ ಹೊಳೆಯದುದು ಆಕೆಗೆ ಹೊಳೆಯಿತು. ನಮ್ಮ ಭಾಷೆಯಲ್ಲಿ ಕ್ರಿಯಾಪದವು ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುವುದು. ‘ಬೇಡ’, ‘ಇಲ್ಲ’, ‘ಕೂಡದು’ ಎಂಬ ನಿಷೇಧಗಳೂ ಅಲ್ಲಿಯೇ ನಿಲ್ಲುವುವು. ವಾಕ್ಯದ ಬಾಲವನ್ನು ಕತ್ತರಿಸುವ ಪರದೆಯು ನಿಷೇಧವನ್ನೇ ವಿಧಿಯನ್ನಾಗಿ ಮಾಡಿಬಿಡಬಲ್ಲುದು. ತಪ್ಪು ಯಂತ್ರದ್ದಲ್ಲ, ಪೂರ್ತಿಯಾಗಿ ಓದದ ನನ್ನದೇ. ಆದರೆ ಅಂತಹ ತಪ್ಪಿಗೆ ದಿನಕ್ಕೆ ಹತ್ತು ಸಲ ಎಡೆಗೊಡುವ ಸಾಧನವನ್ನು ಮನೆಯ ಏಕಮಾತ್ರ ಫೋನನ್ನಾಗಿ ಇಟ್ಟುಕೊಳ್ಳುವುದು ವಿವೇಕವಲ್ಲ.

ಆದುದರಿಂದ ನನ್ನ ತೀರ್ಮಾನವಿದು. ಒಂದೇ ಫೋನನ್ನು ಕೊಳ್ಳಬಲ್ಲವರು, ಅದರಲ್ಲಿಯೂ ಚಾಳೀಸಿನವರು, ಮೂರಂಗುಲದ್ದನ್ನು ಕೊಳ್ಳದಿರುವುದು ಲೇಸು. ಕಣ್ಣು ಚುರುಕಾಗಿದ್ದು, ಓದುಬರೆಹವನ್ನು ಬೇರೆ ಕಡೆ ಮಾಡಿಕೊಳ್ಳುವ ತರುಣರಿಗೆ ಅದು ಸಾಕಾದೀತು. ಅಂಗಡಿಯಲ್ಲಿ ಐದು ನಿಮಿಷ ಹಿಡಿದು ನೋಡಿ ನಿರ್ಧರಿಸಬೇಡಿರಿ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಸಾಕೆಂಬ ಸ್ಥಾಲೀಪುಲಾಕನ್ಯಾಯವು ಇಲ್ಲಿ ನಡೆಯದು. ಬಂಧುಗಳದೋ ಮಿತ್ರರದೋ ಇದ್ದರೆ ಬೆಳಗಿನಿಂದ ರಾತ್ರಿಯವರೆಗೆ ಒಂದು ದಿನ ಬಳಸಿ ನೋಡಿರಿ. ಯಾವ ಕೆಲಸವು ತಪ್ಪಿದರೆ ಮನೆಗೆ ಹಾನಿಯೋ ಆ ಕೆಲಸವನ್ನೇ ಮೊದಲು ಪರೀಕ್ಷಿಸಿರಿ.

ನಾನಾದರೋ ಹಳೆಯ ಸಿಮ್ಮನ್ನು ದೊಡ್ಡ ಫೋನಿಗೆ ಮರಳಿಸಿ, ಬ್ಯಾಂಕಿನ ವ್ಯವಹಾರವನ್ನೂ ಓದುಬರೆಹವನ್ನೂ ಅದಕ್ಕೆ ಒಪ್ಪಿಸಿದೆನು. ಅದು ಮನೆಯಲ್ಲಿಯೇ ಇರುವುದು. ಚಿಕ್ಕದಕ್ಕೆ ಬೇರೊಂದು ಸಂಖ್ಯೆ. ಅದನ್ನು ಬಲ್ಲವರು ನಾಲ್ವರೇ. ಎರಡನೆಯ ಸಿಮ್ಮಿನ ರೀಚಾರ್ಜಿಗೆ ಖರ್ಚು ತಗಲುವುದೆಂಬುದನ್ನು ಮುಚ್ಚಿಡಲಾರೆನು. ಔಷಧದ ವಿಷಯವನ್ನು ಬರೆಯದೆ ಕರೆದೇ ಹೇಳಬೇಕೆಂದು ಮಗಳೊಡನೆ ಕರಾರಾಗಿದೆ.

ಮೊನ್ನೆ ವಾಚನಾಲಯದಲ್ಲಿ ಜೇಬು ನಡುಗಿತು. ಎದೆಯೂ ನಡುಗಿ, ಹೊರಕ್ಕೆ ಓಡಿಬಂದು ಕಿವಿಗಿಟ್ಟುಕೊಂಡೆನು. “ಬರುವಾಗ ಒಂದು ಕಟ್ಟು ಕೊತ್ತಂಬರಿ ಸೊಪ್ಪು ತನ್ನಿ” ಎಂದಳು ಮನೆಯಾಕೆ. ಅಷ್ಟು ಸಂತೋಷದಿಂದ ನಾನು ಹಿಂದೆಂದೂ ಕೊತ್ತಂಬರಿ ತಂದವನಲ್ಲ.