ಗಾಯ ಯಾರದು, ರೋಗ ಯಾರದು?

ನಾಲ್ಕು ಗೊಂಬೆಗಳು. ಎರಡು ಬಿಳಿ, ಎರಡು ಕಂದು. ಮೈಬಣ್ಣ ಮತ್ತು ಕೂದಲಿನ ಬಣ್ಣ ಬಿಟ್ಟರೆ ಬೇರೆ ವ್ಯತ್ಯಾಸವಿಲ್ಲ. 1940ರ ಆಸುಪಾಸಿನಲ್ಲಿ ಅಮೆರಿಕದ ಕರಿಯ ಮನಶ್ಶಾಸ್ತ್ರಜ್ಞ ದಂಪತಿ ಕೆನೆತ್ ಕ್ಲಾರ್ಕ್ ಮತ್ತು ಮೇಮಿ ಕ್ಲಾರ್ಕ್ ಇವುಗಳನ್ನು 3ರಿಂದ 7 ವರ್ಷದ 253 ಕರಿಯ ಮಕ್ಕಳ ಮುಂದಿಟ್ಟರು. ಒಳ್ಳೆಯ ಗೊಂಬೆ ಯಾವುದು? ಕೆಟ್ಟದಾಗಿ ಕಾಣುವುದು ಯಾವುದು? ನಿನ್ನ ಹಾಗಿರುವುದು ಯಾವುದು? ಹೆಚ್ಚಿನ ಮಕ್ಕಳು ಬಿಳಿ ಗೊಂಬೆಯನ್ನೇ ಮೆಚ್ಚಿದರು. ಕಡೆಯ ಪ್ರಶ್ನೆಗೆ ಕೆಲವು ಮಕ್ಕಳು ಅಳತೊಡಗಿದರು.

1951ರಲ್ಲಿ ಕೆನೆತ್ ಕ್ಲಾರ್ಕ್ ದಕ್ಷಿಣ ಕೆರೊಲಿನಾದ ಮಕ್ಕಳಿಗೂ ಈ ಪರೀಕ್ಷೆ ನಡೆಸಿ ನ್ಯಾಯಾಲಯದಲ್ಲಿ ಸಾಕ್ಷಿ ಹೇಳಿದರು. 1896ರಿಂದ ನಡೆದುಬಂದಿದ್ದ ‘ಪ್ರತ್ಯೇಕ, ಆದರೆ ಸಮಾನ’ ಎಂಬ ವಾದವನ್ನು ಅಮೆರಿಕದ ಸುಪ್ರೀಂ ಕೋರ್ಟ್ 1954ರ ಮೇ 17ರಂದು ಶಾಲೆಗಳ ಮಟ್ಟಿಗೆ ಒಮ್ಮತದಿಂದ ತಳ್ಳಿಹಾಕಿತು. ತೀರ್ಪಿನ ಪ್ರಸಿದ್ಧ 11ನೇ ಅಡಿಟಿಪ್ಪಣಿ ಆರಂಭವಾಗುವುದೇ ಕ್ಲಾರ್ಕರ ಬರಹದಿಂದ.

ಈ ದಂಪತಿಯ ಸಾಧನೆ ದೊಡ್ಡದು. ಆದರೆ ಅದನ್ನು ನಾವು ನೆನೆಯುವ ರೀತಿ ಸರಿಯೇ? ಕರಿಯ ಮಗುವಿನ ಕೀಳರಿಮೆಯ ಕಥೆಯನ್ನು ಪ್ರತಿಯೊಬ್ಬರೂ ಹೇಳುತ್ತಾರೆ. ಆ ಕೀಳರಿಮೆಯನ್ನು ಬಿತ್ತಿದ ಸಮಾಜದ ಕಥೆಯನ್ನು ಹೇಳುವವರು ಎಷ್ಟು ಮಂದಿ? ಬಿಳಿಯರೊಂದಿಗೆ ಒಂದೇ ಶಾಲೆಯಲ್ಲಿ ಕಲಿಯುತ್ತಿದ್ದ ಉತ್ತರದ ಕರಿಯ ಮಕ್ಕಳಲ್ಲೂ ಹೆಚ್ಚಿನವರು ಬಿಳಿ ಗೊಂಬೆಯನ್ನೇ ಆರಿಸಿದ್ದರು. ಅಂದರೆ ವಿಷವಿದ್ದುದು ಶಾಲೆಯ ಗೋಡೆಯಲ್ಲಿ ಮಾತ್ರವಲ್ಲ, ಊರಿನ ಗಾಳಿಯಲ್ಲೇ.

ಇದು ಕ್ಲಾರ್ಕರಿಗೆ ತಿಳಿದಿತ್ತು. ಅವರೂ ಸೇರಿದಂತೆ 32 ವಿದ್ವಾಂಸರು 1952ರಲ್ಲಿ ಕೋರ್ಟಿಗೆ ಕೊಟ್ಟ ಹೇಳಿಕೆಯಲ್ಲಿ, ಪ್ರತ್ಯೇಕತೆ ಬಿಳಿಯ ಮಕ್ಕಳ ಮನಸ್ಸನ್ನೂ ಕೆಡಿಸುತ್ತದೆ ಎಂದು ಬರೆದಿದ್ದರು. ತೀರ್ಪು ಕರಿಯ ಮಕ್ಕಳ ಗಾಯವನ್ನಷ್ಟೇ ಎತ್ತಿಕೊಂಡಿತು, ಬಿಳಿಯ ಮಕ್ಕಳ ರೋಗದ ಬಗ್ಗೆ ಮೌನವಾಯಿತು.

ಆ ಮೌನದ ಬೆಲೆ ತೆತ್ತವರು ಕರಿಯರೇ. ದಕ್ಷಿಣದ ಎಷ್ಟೋ ಊರುಗಳಲ್ಲಿ ಮುಚ್ಚಿದ್ದು ಕರಿಯರ ಶಾಲೆಗಳು. ಕೆಲಸ ಕಳೆದುಕೊಂಡವರು ಸಾವಿರಾರು ಕರಿಯ ಶಿಕ್ಷಕರು. ಸಮರ್ಥ ಗುರುಗಳಿದ್ದ ಶಾಲೆಗಳನ್ನೂ ‘ಕೊರತೆ’ಯ ಲೆಕ್ಕಕ್ಕೆ ಸೇರಿಸಲಾಯಿತು. ಬಿಳಿಯ ಪೋಷಕರಲ್ಲಿ ಹಲವರು ತಮ್ಮ ಮಕ್ಕಳನ್ನು ಖಾಸಗಿ ಶಾಲೆಗಳಿಗೆ ಸಾಗಿಸಿದರು.

ಅನ್ಯಾಯವನ್ನು ಅನ್ಯಾಯವೆನ್ನಲು ಪೀಡಿತನೇ ತನ್ನ ಗಾಯ ಬಿಚ್ಚಿ ತೋರಿಸಬೇಕೇ? ಒಂದೂ ಮಗು ಅಳದಿದ್ದರೂ, ಬಣ್ಣ ನೋಡಿ ಶಾಲೆಯ ಬಾಗಿಲು ಮುಚ್ಚುವುದು ಅಪರಾಧವೇ ಆಗಿತ್ತು. ಗೊಂಬೆ ಪರೀಕ್ಷೆಯನ್ನು ಪಾಠವಾಗಿ ಹೇಳುವವರು ಮಗು ಯಾವ ಗೊಂಬೆಯತ್ತ ಬೆರಳು ತೋರಿತು ಎಂಬಲ್ಲಿಗೇ ನಿಲ್ಲಬಾರದು. ಆ ಉತ್ತರವನ್ನು ಅದಕ್ಕೆ ಕಲಿಸಿದವರು ಯಾರು ಎಂದೂ ಕೇಳಬೇಕು.