ಪರೀಕ್ಷೆ ಮಗುವಿಗೆ ಏನನ್ನು ಹೇಳಬೇಕು?

ಪರೀಕ್ಷೆಯಿದ್ದರೆ ಭಯ, ಇಲ್ಲದಿದ್ದರೆ ಆಲಸ್ಯ: ನಮ್ಮ ಚರ್ಚೆಯೆಲ್ಲ ಈ ಎರಡು ಮಾತುಗಳ ನಡುವೆಯೇ ತೂಗಾಡುತ್ತಿದೆ. 2009ರ ಶಿಕ್ಷಣ ಹಕ್ಕು ಕಾಯಿದೆಯು ಮಗುವಿನ ಅರಿವನ್ನು ನಿರಂತರವಾಗಿ, ವ್ಯಾಪಕವಾಗಿ ಅಳೆಯಬೇಕೆಂದಿತು. 2024ರಲ್ಲಿ ನಮ್ಮ ರಾಜ್ಯದ 5, 8 ಮತ್ತು 9ನೆಯ ತರಗತಿಗಳ ಪರೀಕ್ಷಾ ವಿವಾದ ಸುಪ್ರೀಂ ಕೋರ್ಟನ್ನು ಮುಟ್ಟಿ, ಏಪ್ರಿಲ್‌ನಲ್ಲಿ ಫಲಿತಾಂಶಕ್ಕೆ ತಡೆ ಬಿತ್ತು. ಪರೀಕ್ಷೆ ಬೇಕೇ, ಬೇಡವೇ ಎಂದು ಹಿರಿಯರು ವಾದಿಸಿದರು. ಎಂತಹ ಪ್ರಶ್ನೆಯಿಂದ ಮಗುವಿಗೆ ಕಲಿಯುವ ಆಸೆ ಹುಟ್ಟೀತು ಎಂದು ಕೇಳಿದವರು ವಿರಳ.

ರೂಪಣಾತ್ಮಕ ಮೌಲ್ಯಮಾಪನದ ಆಶಯ ಒಳ್ಳೆಯದೇ. ಆದರೆ ಅನೇಕ ಕಡೆ ಅದು ಅಂತರ್ಜಾಲದಿಂದ ಮುದ್ರಿಸಿ ತಂದ ಚಿತ್ರಗಳನ್ನು ಅಂಟಿಸುವ ಕೆಲಸವಾಗಿದೆ. ಅಂಕ ಮಗುವಿಗೆ, ಶ್ರಮ ತಾಯಿಗೆ!

ಪ್ರಶ್ನೆ ಊರಿನ ನೆಲದಿಂದಲೇ ಹುಟ್ಟಲಿ. ನಮ್ಮ ಯಡ್ತರೆಯಲ್ಲಿ ಮಳೆಗೇನು ಬರವೇ? ನೇರ ಗೋಡೆಯ ಡಬ್ಬಿಯೊಂದನ್ನು ಅಂಗಳದಲ್ಲಿಟ್ಟು ಒಂದು ವಾರ ಮಳೆ ಅಳೆಯಲು ಹೇಳಿ. ಬಳಿಕ ಶಾಲೆಯ ಮಾಡನ್ನು ಅಳೆಯಲಿ. ಹತ್ತು ಮೀಟರ್ ಉದ್ದ, ಐದು ಮೀಟರ್ ಅಗಲದ ನೆಲವನ್ನು ಮುಚ್ಚುವ ಮಾಡಿನ ಮೇಲೆ 40 ಮಿಲಿಮೀಟರ್ ಮಳೆ ಸುರಿದರೆ 2000 ಲೀಟರ್ ನೀರು! ಘನಫಲದ ಸೂತ್ರವನ್ನು ಬಾಯಿಪಾಠ ಮಾಡಿದವನಿಗೆ ಈ ಬೆರಗು ಸಿಗದು. ಹಳಗನ್ನಡ ಪಾಠವಾದ ಮೇಲೆ, ಮನೆಯ ಅಜ್ಜಿಯ ಬಾಯಲ್ಲಿರುವ ‘ಬಪ್ಪುದು’, ‘ಹೋಪುದು’ಗಳಿಗೂ ಪಾಠದ ‘ಬರ್ಪ’, ‘ಪೋಪ’ಗಳಿಗೂ ಇರುವ ನಂಟನ್ನು ಹುಡುಕಲು ಹೇಳಿ. ತನ್ನ ಮನೆಮಾತು ಒರಟೆಂದು ನಾಚುವ ಮಗು ಅಂದು ತಲೆಯೆತ್ತಿ ಉತ್ತರಿಸುತ್ತದೆ. ಇಂತಹ ಉತ್ತರ ಯಾವ ಗೈಡಿನಲ್ಲೂ ದೊರೆಯದು.

ಎರಡನೆಯದು, ತಿದ್ದುವ ಬಗೆ. ಇಸ್ರೇಲಿನ ರುತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಂಕವಿಲ್ಲದೆ ಟಿಪ್ಪಣಿಯನ್ನಷ್ಟೇ ಪಡೆದ ಮಕ್ಕಳ ಆಸಕ್ತಿಯೂ ಸಾಧನೆಯೂ ಮೇಲಾಗಿದ್ದವು. ಟಿಪ್ಪಣಿಯ ಜೊತೆ ಅಂಕವನ್ನೂ ಕೊಟ್ಟಾಗ ಆ ಲಾಭ ಕಾಣಲಿಲ್ಲ. ಇದರಲ್ಲಿ ಅಚ್ಚರಿಯೇನು? ಹತ್ತಕ್ಕೆ ನಾಲ್ಕು ಎಂದು ಕಂಡೊಡನೆ ಮಗು ಪುಸ್ತಕ ಮುಚ್ಚುತ್ತದೆ. ‘ಲೆಕ್ಕದ ದಾರಿ ಸರಿ, ಮಿಲಿಮೀಟರನ್ನು ಮೀಟರಿಗೆ ತರುವಲ್ಲಿ ಎಡವಿದ್ದೀಯೆ, ಮತ್ತೊಮ್ಮೆ ನೋಡು’ ಎಂದು ಬರೆದರೆ ಪುಸ್ತಕ ತೆರೆದೇ ಇರುತ್ತದೆ.

ಮಾಹಿತಿ ತುಂಬುವ ಕೆಲಸದಲ್ಲೇ ಹೈರಾಣಾಗಿರುವ ಶಿಕ್ಷಕರಿಗೆ ಇಷ್ಟಕ್ಕೆಲ್ಲ ಸಮಯವೆಲ್ಲಿ ಎಂಬ ಆಕ್ಷೇಪ ನ್ಯಾಯವಾದದ್ದು. ಆದ್ದರಿಂದ ತಿಂಗಳಿಗೊಂದೇ ಇಂತಹ ಪ್ರಶ್ನೆ ಸಾಕು. ಒಂದೊಂದು ವಾರ ಹತ್ತು ಮಕ್ಕಳಿಗಷ್ಟೇ ವಿವರವಾದ ಟಿಪ್ಪಣಿ ಬರೆದರೂ ಆದೀತು. ಎಸ್.ಎಸ್.ಎಲ್.ಸಿ.ಯಲ್ಲಿ ಬರೆಯಲೇಬೇಕಲ್ಲ ಎನ್ನುವವರಿಗೆ ನನ್ನ ಉತ್ತರವಿಷ್ಟೆ: ಮಾಡಿನ ನೀರನ್ನು ಲೆಕ್ಕಹಾಕಿದ ಮಗು ಪ್ರಶ್ನೆಪತ್ರಿಕೆಯ ತೊಟ್ಟಿಗೆ ಹೆದರುವುದಿಲ್ಲ.

1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ‘ನಲಿ-ಕಲಿ’ಯು, ಮಗು ತನ್ನದೇ ವೇಗದಲ್ಲಿ ಕಲಿಕೆಯ ಏಣಿ ಹತ್ತಬಹುದೆಂದು ಒಪ್ಪಿತು. ಕೆಳಗಿನ ತರಗತಿಗಳಲ್ಲಿ ನಾವು ತೋರುವ ಆ ತಾಳ್ಮೆ ಮೇಲಿನ ತರಗತಿಗಳಲ್ಲಿ ಏಕೆ ಬತ್ತಬೇಕು? ನೀನು ಎಷ್ಟನೆಯವನು ಎಂದಲ್ಲ, ಮುಂದಿನ ಮೆಟ್ಟಿಲು ಯಾವುದು ಎಂದು ಹೇಳುವುದೇ ನಿಜವಾದ ಪರೀಕ್ಷೆ.